ಟಿಕ್ ಅಂದರೆ ತುಂಡು

ನಮ್ಮ ನಾಯಿಯ ಹೆಸರು ಮೇಜರ್. ತಂದವನು ನನ್ನ ತಮ್ಮ, ಹೆಸರಿಟ್ಟವನೂ ಅವನೇ. ಆಮೇಲೆ ಅವನು ಕೆಲಸ ಸಿಕ್ಕಿತು ಅಂತ ಬೆಂಗಳೂರಿಗೆ ಹೋದ, ಹೆಸರಿನ ಸಮೇತ ನಾಯಿ ಇಲ್ಲೇ ಉಳಿಯಿತು. ಬೇರೆ ಊರಲ್ಲಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ಕೊಡಗು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ. ಇಲ್ಲಿ ರ‍್ಯಾಂಕು ತಮಾಷೆಯ ವಿಷಯ ಅಲ್ಲ. ಅದೂ ಅಲ್ಲದೆ ನಮ್ಮ ಪಕ್ಕದ ತೋಟದವರು ರಿಟೈರ್ಡ್ ಸುಬೇದಾರ್. ನಮ್ಮ ನಾಯಿ ಅವರಿಗಿಂತ ಸೀನಿಯರ್.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸುಬೇದಾರರು ಮದುವೆಗೆ ಹೊರಟವರು, ಬಿಳಿ ಶರ್ಟು ಹಾಕಿಕೊಂಡು ನಮ್ಮಲ್ಲಿ ಒಂದು ನಿಮಿಷ ನಿಂತರು. ಮೇಜರ್ ಓಡಿ ಬಂದು ಎರಡೂ ಕಾಲೆತ್ತಿ ಎದೆಗೆ ಇಟ್ಟ. ಕೆಂಪು ಮಣ್ಣು, ನಾಲ್ಕು ನಾಲ್ಕು ಬೆರಳು, ಅಳಿಸಲಾಗದ ಸಹಿ. ಅವರು ಶರ್ಟನ್ನೇ ನೋಡಿಕೊಂಡು, "ಮೇಜರ್ ಸಾಹೇಬರಿಗೆ ಸ್ವಲ್ಪ ಡಿಸಿಪ್ಲಿನ್ ಕಲಿಸಬೇಕು" ಅಂದರು. ಅಷ್ಟೇ. ಬಯ್ದಿದ್ದರೆ ವಾಸಿ ಇತ್ತು.

ತಮ್ಮನಿಗೆ ಫೋನ್ ಮಾಡಿದೆ. ಅವನು ನಾಯಿ ಸಾಕುವುದನ್ನು ಬಿಟ್ಟ ಮೇಲೆ ನಾಯಿಗಳ ಬಗ್ಗೆ ತುಂಬಾ ಓದಿಕೊಂಡಿದ್ದಾನೆ. "ಬಯ್ಯಬೇಡಿ, ಹೊಡೆಯಬೇಡಿ, ಕಾಲು ತುಳಿಯಬೇಡಿ. ಕ್ಲಿಕ್ಕರ್ ಕಳಿಸ್ತೀನಿ" ಅಂದ.

ಬಂತು. ಶೂ ಹಿಡಿಸುವಷ್ಟು ದೊಡ್ಡ ಡಬ್ಬದೊಳಗೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಸಾಮಾನು. ಒಳಗೊಂದು ಉಕ್ಕಿನ ಪಟ್ಟಿ. ಒತ್ತಿದರೆ ಟಿಕ್, ಬಿಟ್ಟರೆ ಟಕ್. ಅಮ್ಮ ಅದನ್ನು ತಿರುಗಿಸಿ ನೋಡಿ, "ಇದು ಜಾತ್ರೆಯಲ್ಲಿ ಮಾರ್ತಿದ್ದ ತಗಡಿನ ಕಪ್ಪೆ ಅಲ್ವಾ? ಇದಕ್ಕೆ ಕೊರಿಯರ್ ಬೇರೆಯಾ?" ಅಂದರು. ಅಮ್ಮ ಹೇಳಿದ್ದು ಸರಿಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1951ರಲ್ಲಿ ಪ್ರಾಣಿಗಳಿಗೆ ಪಾಠ ಹೇಳುವ ಬಗ್ಗೆ ಒಂದು ಲೇಖನ ಬರೆದಾಗ, ಮಕ್ಕಳ ಟಿಕ್ ಟಿಕ್ ಆಟಿಕೆ ಸಾಕು ಅಂತಲೇ ಹೇಳಿದ್ದರು.

ಬಿಸ್ಕತ್ತು ಕೊಟ್ಟರೆ ಸಾಲದಾ, ಈ ಟಿಕ್ ಯಾಕೆ ಅಂತ ನನಗೂ ಅನ್ನಿಸಿತ್ತು. ವಿಷಯ ಇಷ್ಟೇ. ನಮ್ಮ ಮೇಜರ್‌ನ ನಾಲ್ಕೂ ಕಾಲು ಒಟ್ಟಿಗೆ ನೆಲದ ಮೇಲೆ ಇರುವುದು ಅರ್ಧ ಸೆಕೆಂಡು. ನಾನು ಜೇಬಿಗೆ ಕೈ ಹಾಕಿ ಬಿಸ್ಕತ್ತು ತೆಗೆಯುವಷ್ಟರಲ್ಲಿ ಅವನು ಯಾರದೋ ಚಪ್ಪಲಿ ಕಚ್ಚಿಕೊಂಡಿರುತ್ತಾನೆ. ಆಗ ಬಿಸ್ಕತ್ತು ಕೊಟ್ಟರೆ ಚಪ್ಪಲಿ ಕಚ್ಚಿದ್ದಕ್ಕೆ ಸಂಬಳ ಕೊಟ್ಟ ಹಾಗೆ. ಟಿಕ್ ಮಾತ್ರ ಆ ಅರ್ಧ ಸೆಕೆಂಡಿಗೇ ಸರಿಯಾಗಿ ಬೀಳುತ್ತದೆ. "ನೀನು ಈಗ ಮಾಡಿದೆಯಲ್ಲ, ಅದಕ್ಕೆ ತಿಂಡಿ ಉಂಟು" ಅಂತ ಅದರ ಅರ್ಥ. ತಿಂಡಿ ಒಂದು ಗಳಿಗೆ ತಡವಾದರೂ ನಡೆಯುತ್ತದೆ. ಕರೆನ್ ಪ್ರಯರ್ ಅನ್ನುವವರು 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಹೀಗೇ ಸೀಟಿ ಊದಿ ಕಲಿಸುತ್ತಿದ್ದರು. ಡಾಲ್ಫಿನ್ನಿಗೆ ಚೈನು ಹಾಕಿ ಎಳೆಯಲು ಆಗುವುದಿಲ್ಲವಲ್ಲ. 1990ರ ದಶಕದಲ್ಲಿ ಇದೇ ಉಪಾಯ ಟಿಕ್ ರೂಪದಲ್ಲಿ ನಾಯಿಗಳವರ ಕೈಗೆ ಬಂತು.

ತಮ್ಮ ಫೋನಿನಲ್ಲೇ ಕಾನೂನು ಹೇಳಿದ. ಒಂದು ಟಿಕ್‌ಗೆ ಒಂದು ತುಂಡು. ಕೈ ತಪ್ಪಿ ಟಿಕ್ ಅಂದರೂ ತುಂಡು ಕೊಡಲೇಬೇಕು, ಮಾತು ತಪ್ಪಬಾರದು. ನಾಯಿಯನ್ನು ಕರೆಯಲು ಟಿಕ್ ಬಳಸಬಾರದು. ತುಂಡು ಬಟಾಣಿ ಕಾಳಿನಷ್ಟು ಇರಬೇಕು, ಇಲ್ಲದಿದ್ದರೆ ಪಾಠ ಮುಗಿಯುವ ಮೊದಲೇ ಹೊಟ್ಟೆ ತುಂಬುತ್ತದೆ.

ಅಮ್ಮನಿಗೆ ಈ ಬಟಾಣಿಯ ವಿಷಯ ಸರಿ ಬರಲಿಲ್ಲ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯನ್ನು ನಾನು ಚಾಕುವಿನಲ್ಲಿ ಚೂರು ಮಾಡುತ್ತಾ ಕೂತಿದ್ದರೆ, ಅವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಬಂದವರ ತಟ್ಟೆಗೆ ಬೇಡ ಬೇಡ ಅಂದರೂ ಇನ್ನೆರಡು ಕಡಂಬುಟ್ಟು ಹಾಕುವ ಮನೆ ಇದು. "ಕೊಡೋದಾದರೆ ಸರಿಯಾಗಿ ಕೊಡು. ಯಾರಾದರೂ ನೋಡಿದರೆ ಎಂತ ಅಂದ್ಕೊಳ್ಳಲ್ಲ?" ನಾನು ಟಿಕ್ ಅಂದಾಗ ಅವನಿಗೆ ಬಟಾಣಿ ಸಿಗುತ್ತಿತ್ತು. ಅಮ್ಮ ಟಿಕ್ ಇಲ್ಲದೇ ಕಾಲಿನ ಪೀಸು ಕೊಡುತ್ತಿದ್ದರು. ಆದರೂ ಅವನು ಪಾಠಕ್ಕೆ ಬರುತ್ತಿದ್ದ ಅನ್ನುವುದು ಅವನ ದೊಡ್ಡತನ.

ಮೊದಲ ಹಂತದಲ್ಲಿ ನಾಯಿ ಏನೂ ಮಾಡಬೇಕಾಗಿಲ್ಲ. ಸುಮ್ನೆ ಟಿಕ್, ತುಂಡು, ಟಿಕ್, ತುಂಡು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಜೊಲ್ಲು ಅಳೆದು ಕಂಡುಕೊಂಡ ವಿಷಯವೇ ಇದು. (ಅವರಿಗೆ 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಮೇಜರ್‌ನ ಜೀರ್ಣಕ್ರಿಯೆ ನೋಡಿದ್ದರೆ ಇನ್ನೊಂದು ಕೊಡುತ್ತಿದ್ದರೇನೋ.) ಬೇಗನೇ ಅವನಿಗೆ ಅರ್ಥವಾಯಿತು. ಟಿಕ್ ಅಂದ ಕೂಡಲೇ ಎಡಗಿವಿ ಈ ಕಡೆ ತಿರುಗುತ್ತದೆ, ಹೊರಗಿದ್ದ ನಾಲಿಗೆ ಒಳಗೆ ಹೋಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಕಣ್ಣು ನನ್ನ ಜೇಬಿನ ಮೇಲೆ ನಿಲ್ಲುತ್ತದೆ. ಆಮೇಲೆ ನಾಲ್ಕು ಕಾಲು ನೆಲದಲ್ಲಿದ್ದರೆ ಟಿಕ್. ಜಗಲಿಯ ಮೂಲೆಯ ಕಾಫಿ ಗೋಣಿ ಕಡೆ ನೋಡಿದರೆ ಟಿಕ್. ಗೋಣಿಗೆ ಕಾಲಿಟ್ಟರೆ ಟಿಕ್. ಕೂತರೆ ಟಿಕ್. ಕೊನೆಗೆ ಗೇಟಿನ ಸದ್ದಾದರೆ ಮೇಜರ್ ಓಡಿ ಹೋಗಿ ಗೋಣಿಯ ಮೇಲೆ ಕೂರತೊಡಗಿದ. ಇದರಲ್ಲಿ ಸುಳ್ಳಿಲ್ಲ. ಈ ವಿದ್ಯೆ ನಿಜಕ್ಕೂ ಕೆಲಸ ಮಾಡುತ್ತದೆ. ನಮ್ಮ ಕಷ್ಟವೆಲ್ಲ ಶುರುವಾಗಿದ್ದು ಅದು ಕೆಲಸ ಮಾಡಿದ ಮೇಲೆ.

ಟಿಕ್ ಅಂದರೆ ಸಾಲಪತ್ರ. ಅದನ್ನು ಯಾರು ಬರೆದರೂ ತೀರಿಸುವವರು ನಾವು ಅಂತ ಮೇಜರ್ ತೀರ್ಮಾನ ಮಾಡಿಬಿಟ್ಟ.

ಮೊದಲು ಸಿಕ್ಕಿಬಿದ್ದವರು ಅಮ್ಮ. ಅಡುಗೆಮನೆಯ ಗ್ಯಾಸ್ ಲೈಟರ್ ಟಿಕ್ ಅಂದ ಕೂಡಲೇ ಮೇಜರ್ ಒಳಗೆ ಹಾಜರ್. ಜುಲೈ ತಿಂಗಳ ಥಂಡಿಯಲ್ಲಿ ಲೈಟರ್ ಒಂದೇ ಸಲಕ್ಕೆ ಎಲ್ಲಿ ಹತ್ತುತ್ತದೆ? ಟಿಕ್ ಟಿಕ್ ಟಿಕ್ ಟಿಕ್. ಅಮ್ಮ ಒಂದು ತುಂಡು ಅಕ್ಕಿ ರೊಟ್ಟಿ ಕೊಟ್ಟರೆ ಅವನು ತಿಂದು ಅಲ್ಲೇ ಕೂತಿರುತ್ತಿದ್ದ. ಇನ್ನು ಮೂರು ಬಾಕಿ. ಬೆಂಕಿಪೊಟ್ಟಣ ತಂದೆವು. ಅದು ಗೀರಿದರೆ ಸದ್ದು ಬರಲಿಲ್ಲ, ಬೆಂಕಿಯೂ ಬರಲಿಲ್ಲ. ಮತ್ತೆ ಲೈಟರ್.

ಆಮೇಲೆ ಸುಬೇದಾರರು. ನಮ್ಮ ಕಡೆ ಕಾಫಿ ತೋಟದವರು ಬೆಳಿಗ್ಗೆ ಎದ್ದು ಮಳೆ ಅಳೆದು ಬರೆದಿಡುತ್ತಾರೆ. ಮಿಲಿಮೀಟರ್ ಗಿಲಿಮೀಟರ್ ಇಲ್ಲ, ಇಂಚು ಮತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಹಾದಿಯಲ್ಲಿ ಸಿಕ್ಕವರು ಹೆಂಡತಿ ಮಕ್ಕಳನ್ನು ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತ ಕೇಳುತ್ತಾರೆ. ಸುಬೇದಾರರ ಮಳೆ ಡೈರಿ ಊರಿಗೇ ಪ್ರಮಾಣ. ಅವರಿಗೆ ಬರೆಯುವ ಮೊದಲು ಬಾಲ್‌ಪೆನ್ನಿನ ತಲೆ ಒತ್ತುತ್ತಾ ಯೋಚಿಸುವ ಅಭ್ಯಾಸ. ಟಿಕ್ ಟಕ್, ಟಿಕ್ ಟಕ್. ಮೇಜರ್ ಬೇಲಿ ನುಸುಳಿ ಹೋಗಿ ಅವರ ಎದುರು ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದ. ನಾನು ಕ್ಷಮೆ ಕೇಳೋಣ ಅಂತ ಹೋದರೆ ಅವರ ಮುಖದಲ್ಲಿ ಬೇರೆಯೇ ಕಳೆ. "ನನ್ನ ಸರ್ವೀಸಿನಲ್ಲಿ ಒಬ್ಬ ಮೇಜರ್ ಕೂಡ ನನಗಾಗಿ ಹೀಗೆ ಕಾದಿರಲಿಲ್ಲ" ಅಂದರು. ಆವತ್ತಿನಿಂದ ಅವನಿಗೆ ಅಲ್ಲಿ ಎರಡು ರಸ್ಕ್. ಮಳೆ ಜಾಸ್ತಿ ಆದ ದಿನ ಮೂರು.

ಇದೇ ಜೋಶಿನಲ್ಲಿ ಬೆಕ್ಕಿಗೂ ಟಿಕ್ ಮಾಡಿ ನೋಡಿದೆ. ಬೆಕ್ಕು ತುಂಡು ತಿಂದು ಹೋಯಿತು. ಕಲಿಸಬಹುದು ಅಂತ ಬಲ್ಲವರು ಹೇಳುತ್ತಾರೆ. ಇರಬಹುದು.

ತಮ್ಮನಿಗೆ ಮತ್ತೆ ಫೋನ್ ಹೋಯಿತು. ಅವನು ಸಮಾಧಾನಕ್ಕೆ ಹಂದಿ ಕತೆ ಹೇಳಿದ. ಸ್ಕಿನ್ನರ್ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಾಂಡ್ ಅಂತ ಗಂಡ ಹೆಂಡತಿ. ಪ್ರಾಣಿಗಳಿಗೆ ಕಲಿಸುವುದೇ ಅವರ ಕಸುಬು. ಅಮೆರಿಕದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ 1955ರಲ್ಲಿ ಅವರು ತೆರೆದ ಪ್ರದರ್ಶನದಲ್ಲಿ ಕೋಳಿಗಳೂ ಆಟ ಆಡುತ್ತಿದ್ದವು. ಅವರು ಹಂದಿಗೆ ಮರದ ದೊಡ್ಡ ಕಾಸು ಎತ್ತಿ ಹುಂಡಿಗೆ ಹಾಕುವುದನ್ನು ಕಲಿಸಿದರು. ಹಂದಿ ಚೆನ್ನಾಗಿಯೇ ಕಲಿಯಿತು. ಕೆಲವು ವಾರ ಕಳೆದ ಮೇಲೆ ದಾರಿಯಲ್ಲೇ ಕಾಸು ಬೀಳಿಸಿ, ಮೂತಿಯಿಂದ ನೆಲ ಅಗೆದು, ಎತ್ತಿ ಎಸೆದು, ಮತ್ತೆ ಅಗೆಯತೊಡಗಿತು. ತುಂಡು ಕೊಟ್ಟು ಎಷ್ಟೇ ಕಲಿಸಿದರೂ ಹುಟ್ಟುಗುಣ ಮೇಲೆ ಬರುತ್ತದೆ ಅಂತ ಅವರು 1961ರಲ್ಲಿ ಒಪ್ಪಿಕೊಂಡು ಬರೆದರು. ಸ್ಪೀಕರ್‌ನಲ್ಲಿ ಕೇಳುತ್ತಿದ್ದ ಅಮ್ಮ, "ಅಷ್ಟು ದಿನ ಹಂದಿ ಇಟ್ಟುಕೊಂಡು ಕಾಸು ಹಾಕಿಸಿದರಾ? ನಾವಾದರೆ ಕಾಚಂಪುಳಿ ಹಾಕಿ ಪಂದಿ ಕರಿ ಮಾಡ್ತಿದ್ದೆವು" ಅಂದರು.

ಲೈಟರು, ಪೆನ್ನು, ಟಾರ್ಚಿನ ಗುಂಡಿ, ಛತ್ರಿ, ಇವೆಲ್ಲ ಹೇಗೋ ನಿಭಾಯಿಸಿದೆವು. ಕಪ್ಪೆಯನ್ನು ಏನು ಮಾಡುವುದು? ತಗಡಿನದಲ್ಲ, ನಿಜವಾದದ್ದು. ಮಳೆ ಹಿಡಿದ ಮೇಲೆ ನಮ್ಮ ಕಾಫಿ ಗಿಡಗಳಲ್ಲಿ ಪೊದೆಗಪ್ಪೆಗಳ ಕಾರುಬಾರು. ಹಳದಿ ಬಣ್ಣದ್ದೊಂದಕ್ಕೆ ಇಂಗ್ಲಿಷಿನಲ್ಲಿ ಕೂರ್ಗ್ ಯೆಲ್ಲೋ ಬುಷ್ ಫ್ರಾಗ್ ಅಂತ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ, ಗಂಟಲು ಮಾತ್ರ ದೇವರು ಕೊಟ್ಟಿದ್ದು. ಕತ್ತಲಾಗುತ್ತಿದ್ದ ಹಾಗೆ ಒಂದು "ಟ್ರೀಂಕ್" ಅನ್ನುತ್ತದೆ, ಆಮೇಲೆ ಟಿಂಕ್ ಟಿಂಕ್. ಪಕ್ಕದ ಗಿಡದ್ದು ಟಿಕ್ ಟಿಕ್ ಟಿಕ್. ಹೆಣ್ಣನ್ನು ಕರೆಯಲು ಗಂಡು ಕಪ್ಪೆಗಳು ಹಾಡುವುದು ಅದು. ಬಂದವನು ಮೇಜರ್.

ಅವನು ಮಳೆಯಲ್ಲಿ ನೆನೆಯುತ್ತಾ ರೊಬಸ್ಟಾ ಗಿಡದ ಎದುರು ಕೂತಿದ್ದ. ನೀಟಾಗಿ, ನಾಲ್ಕೂ ಕಾಲು ನೆಲದಲ್ಲಿ. ಗಿಡದಿಂದ ಟಿಕ್ ಬರುತ್ತಿತ್ತು, ತುಂಡು ಬರುತ್ತಿರಲಿಲ್ಲ. ಟಿಕ್ ಆದ ಮೇಲೆ ತಿಂಡಿ ಸಿಗದಿದ್ದರೆ ನಾಯಿ ನಿಧಾನಕ್ಕೆ ಆ ಸದ್ದನ್ನು ನಂಬುವುದು ಬಿಡುತ್ತದಂತೆ. ಆದರೆ ಬಿಡುವ ಮೊದಲು ಒಂದು ಸಲ ಜೋರಾಗಿ ಪ್ರಯತ್ನ ಮಾಡುತ್ತದೆ. ಮೇಜರ್ ಜೋರಾಗಿ ಬೊಗಳಿದ. ಕಪ್ಪೆಗಳು ಗಪ್ ಆದವು. ಅವನು ಸುಮ್ಮನಾದ, ಅವು ಶುರು ಮಾಡಿದವು. ಹೀಗೇ ಎಷ್ಟೋ ಹೊತ್ತು. ಕತ್ತಲಾದ ಮೇಲೆ ಚಿರತೆ ನಾಯಿ ಎತ್ತಿಕೊಂಡು ಹೋಗುವ ಜಾಗ ಇದು, ತೋಟದಲ್ಲಿ ಬಿಡುವ ಹಾಗಿಲ್ಲ. ನಾನು ಛತ್ರಿ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಕಪ್ಪೆಗಳ ಪರವಾಗಿ ಕೋಳಿ ತುಂಡು ಕೊಟ್ಟು ಅವನನ್ನು ಒಳಗೆ ಕರೆತಂದೆ.

"ಇನ್ನು ಕ್ಲಿಕ್ಕರ್ ಬೇಡ" ಅಂದ ತಮ್ಮ. "ಅದು ಹೊಸದು ಕಲಿಸುವಾಗ ಮಾತ್ರ. ಬೇಕೇ ಬೇಕು ಅಂದರೆ ನಾಲಿಗೆಯಲ್ಲಿ ಒಂದು ಸದ್ದು ಮಾಡಿ, ಯಾವ ಕಪ್ಪೆಯೂ ಮಾಡದಂಥದ್ದು." ಅಮ್ಮನೇ ಆರಿಸಿದರು, ಹಲ್ಲಿನ ಹಿಂದೆ ನಾಲಿಗೆ ಒತ್ತಿ "ತ್ಚು." ಹೊಸ ಸದ್ದಿಗೆ ಮೊದಲಿನಿಂದ ತುಂಡು ಹಾಕಿ ಕಲಿಸಿದ್ದಾಯಿತು. ಕ್ಲಿಕ್ಕರನ್ನು ಅಟ್ಟಕ್ಕೆ ಎಸೆದೆವು.

ಅಮ್ಮನ ದೊಡ್ಡಮ್ಮನ ಮಗಳು ಒಬ್ಬರು ವಾರಕ್ಕೊಮ್ಮೆ ಬರುತ್ತಾರೆ. ಮಂಡಿ ನೋವು, ಕಾಯಿ ಉದುರಿದ್ದು, ಆಳು ಸಿಗದೆ ಇರುವುದು, ಸೊಸೆ. ಪ್ರತಿ ವಾಕ್ಯದ ಕೊನೆಗೂ "ತ್ಚು ತ್ಚು" ಅಂತ ಲೊಚಗುಟ್ಟುತ್ತಾರೆ. ಮೇಜರ್ ಅವರ ಕಾಲ ಬುಡದಲ್ಲಿ ಕೂತು, ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ ಮುಖವನ್ನೇ ನೋಡುತ್ತಾನೆ. ಸೊಸೆಯ ವಿಷಯ ಬಂದಾಗಲಂತೂ ಅವನಿಗೆ ಬರಬೇಕಾದ ಬಾಕಿ ಲೆಕ್ಕಕ್ಕೆ ಸಿಗುವುದಿಲ್ಲ. ಅವರು ಅವನ ತಲೆ ಸವರುತ್ತಾ, "ಈ ಮನೆಯಲ್ಲಿ ನನ್ನ ಕಷ್ಟ ಪೂರ್ತಿ ಕೇಳೋದು ಇವನೊಬ್ಬನೇ" ಅಂದರು. ಈಗ ಬರುವಾಗ ಚೀಲದಲ್ಲಿ ಅವನಿಗೆ ಬೇಯಿಸಿದ ಮೀನು ತರುತ್ತಾರೆ. ವಾರಕ್ಕೆ ಎರಡು ಸಲ ಬರಲು ಶುರು ಮಾಡಿದ್ದಾರೆ.