ಸ್ಪಷ್ಟನೆ: ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ, ಕಾಲಿನ ರಾಡ್ ಕಿತ್ತು ಬರುವುದೂ ಇಲ್ಲ

ಕಾರವಾರ, ಕುಮಟಾ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: “ಒಂದು ಎಂಆರ್‌ಐ ನೂರು ಎಕ್ಸ್‌ರೇಗೆ ಸಮ; ಕಾಲಲ್ಲಿ ರಾಡ್ ಇದ್ದವರು ಒಳಗೆ ಹೋದರೆ ರಾಡ್ ಕಿತ್ತು ಬರುತ್ತದೆ.” ಎರಡೂ ತಪ್ಪು.

ಎಕ್ಸ್‌ರೇ ಬಳಸುವುದು ಸಿಟಿ ಸ್ಕ್ಯಾನ್‌ನಲ್ಲಿ. ಎಂಆರ್‌ಐಗೆ ಬೇಕಾದದ್ದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಅಯಸ್ಕಾಂತ ಮತ್ತು ರೇಡಿಯೊ ತರಂಗ. 1.5 ಟೆಸ್ಲಾದ ಯಂತ್ರ ಸುಮಾರು 64 ಮೆಗಾಹರ್ಟ್ಸ್ ತರಂಗದಿಂದ ಮೈಯೊಳಗಿನ ನೀರು, ಕೊಬ್ಬಿನ ಹೈಡ್ರೋಜನ್ ಪರಮಾಣುಗಳ ಕೇಂದ್ರಗಳನ್ನು ಕದಲಿಸುತ್ತದೆ. ಅವು ಮೊದಲಿನ ಸ್ಥಿತಿಗೆ ಮರಳುವಾಗ ಸಿಗುವ ಸಂಕೇತವೇ ಚಿತ್ರವಾಗುತ್ತದೆ. ಒಂದೊಂದು ಅಂಗಾಂಶ ಮರಳುವ ವೇಗ ಬೇರೆ ಬೇರೆ. ಹಾಗಾಗಿಯೇ ಬೆನ್ನಿನ ಡಿಸ್ಕ್, ಮೊಣಕಾಲಿನ ಲಿಗಮೆಂಟ್, ಮಿದುಳಿನ ಹೊಸ ಪಾರ್ಶ್ವವಾಯು ಅಷ್ಟು ಚೆನ್ನಾಗಿ ಕಾಣುತ್ತವೆ.

ಟೈಟಾನಿಯಂ ರಾಡನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಅದರ ಸುತ್ತ ಚಿತ್ರ ಕೆಡಬಹುದು. ಆದರೂ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ತೋರಿಸಿ.

ನಿಜವಾದ ಅಪಾಯ ಬೇರೆ ಕಡೆ ಇದೆ: ಹಳೆಯ ಪೇಸ್‌ಮೇಕರ್, ಕಿವಿ ಕೇಳಿಸಲು ಒಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಹಳೆಯ ಕ್ಲಿಪ್. ಬೈತಖೋಲ ಬಂದರಿನಂಥ ಕಡೆ ಬೋಟ್ ರಿಪೇರಿ, ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರು ದಯವಿಟ್ಟು ಗಮನಿಸಿ. ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿದ್ದರೆ ಮೊದಲೇ ಹೇಳಲೇಬೇಕು; ಅದು ಒಳಗೆ ಸರಿದರೆ ದೃಷ್ಟಿಯೇ ಹೋಗಬಹುದು. ಅನುಮಾನವಿದ್ದರೆ ಮೊದಲು ಕಣ್ಣಿನ ಭಾಗದ ಎಕ್ಸ್‌ರೇ ತೆಗೆದು ನೋಡುತ್ತಾರೆ. ಬಳೆಗೆ ಸಿಕ್ಕಿಸಿದ, ಸೆರಗಿಗೆ ಚುಚ್ಚಿದ ಸೇಫ್ಟಿ ಪಿನ್ ತೆಗೆಯಲು ಮರೆಯಬೇಡಿ. ಸ್ಕ್ಯಾನ್ ನಡೆಯದಿದ್ದಾಗಲೂ ಅಯಸ್ಕಾಂತ ಚಾಲೂ ಇರುತ್ತದೆ, ಆದ್ದರಿಂದ ಜೊತೆಗೆ ಬಂದವರೂ ಕೇಳದೆ ಒಳಗೆ ಕಾಲಿಡಬಾರದು.

ಚಿತ್ರ ಇನ್ನಷ್ಟು ಸ್ಪಷ್ಟವಾಗಲೆಂದು ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಡುವುದಿದ್ದರೆ ಕಿಡ್ನಿ ತೊಂದರೆ ಅಥವಾ ಬಸಿರು ಇರುವುದನ್ನು ಮುಂಚೆಯೇ ತಿಳಿಸಿ.