ಲೀಬೆರ್ತಾಸ್ ಅಂದರೆ ಹಂಗಿಲ್ಲದಿರುವುದು

ಆಗಾಗ ಒಂದು ಪೋಸ್ಟ್ ಸುತ್ತು ಹಾಕುತ್ತಿರುತ್ತದೆ: "ಲ್ಯಾಟಿನ್‌ನಲ್ಲಿ ಪುಸ್ತಕಕ್ಕೂ ಸ್ವತಂತ್ರನಿಗೂ ಒಂದೇ ಪದ, ಲಿಬೆರ್. ಓದಿದವನೇ ಸ್ವತಂತ್ರ!" ಕೇಳಲು ಚೆಂದ, ಆದರೆ ತಪ್ಪು. ರೋಮನ್ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ. ಕನ್ನಡದಲ್ಲಿ ಬರೆದರೆ ಗುಟ್ಟು ರಟ್ಟಾಗುತ್ತದೆ. ಪುಸ್ತಕ ಹ್ರಸ್ವದ 'ಲಿಬೆರ್'. ಮೂಲದಲ್ಲಿ ಮರದ ಒಳತೊಗಟೆ ಎಂದರ್ಥ. ಸ್ವತಂತ್ರ ಎನ್ನುವುದು ದೀರ್ಘದ 'ಲೀಬೆರ್'. ನಮ್ಮ 'ಬಲೆ'ಗೂ 'ಬಾಲೆ'ಗೂ ಎಷ್ಟು ನಂಟೋ ಇವೆರಡಕ್ಕೂ ಅಷ್ಟೇ.

ಲೀಬೆರ್ ಎಂಬುದರ ಎದುರು ಪದ 'ಸೆರ್ವುಸ್', ಅಂದರೆ ಗುಲಾಮ. 2ನೇ ಶತಮಾನದ ಕಾನೂನು ಪಂಡಿತ ಗಾಯುಸ್ ಮನುಷ್ಯಕುಲವನ್ನೆಲ್ಲ ಎರಡೇ ಗುಂಪು ಮಾಡಿ ಮುಗಿಸುತ್ತಾನೆ: ಎಲ್ಲರೂ ಒಂದೋ ಲೀಬೆರ್, ಇಲ್ಲವೇ ಸೆರ್ವುಸ್. ಈ ವಿಂಗಡಣೆಯಲ್ಲಿ ಮನಬಂದಂತೆ ಬದುಕುವ ಮಾತು ಎಲ್ಲೂ ಬರುವುದಿಲ್ಲ. ನಿನ್ನ ಮೇಲೆ ಧಣಿ ಇದ್ದಾನೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಅದಕ್ಕೇ ಹಳೆಯ ಲ್ಯಾಟಿನ್ ಘೋಷವಾಕ್ಯಗಳಲ್ಲಿ, ಲೀಬೆರ್‌ನಿಂದಲೇ ಹುಟ್ಟಿದ 'ಲೀಬೆರ್ತಾಸ್' ಕಂಡಾಗ ಕಣ್ಣುಮುಚ್ಚಿ 'ಸ್ವಾತಂತ್ರ್ಯ' ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. 'ಹಂಗಿನರಮನೆಗಿಂತ ವಿಂಗಡದ ಗುಡಿ ಲೇಸು' ಅಂತೀವಲ್ಲ, ಆ ಹಂಗು ಇಲ್ಲದಿರುವುದೇ ಲೀಬೆರ್ತಾಸ್.

ರೋಮಿನಲ್ಲಿ ಗುಲಾಮನ ಬಿಡುಗಡೆ ಹೇಗಾಗುತ್ತಿತ್ತು ನೋಡಿ. ಧಣಿ ಅವನನ್ನು ಪ್ರೇಟರ್ ಎಂಬ ಅಧಿಕಾರಿಯ ಮುಂದೆ ಕರೆತರುತ್ತಾನೆ. ಮೂರನೆಯವನೊಬ್ಬ, ಎಷ್ಟೋ ಸಲ ಅಧಿಕಾರಿಯ ಸೇವಕನೇ, ಗುಲಾಮನಿಗೆ ಒಂದು ಕೋಲು ಮುಟ್ಟಿಸಿ "ಇವನು ಸ್ವತಂತ್ರ" ಎಂದು ದಾವೆ ಹೂಡುತ್ತಾನೆ. ಧಣಿ ತಕರಾರು ಎತ್ತದೆ ಸುಮ್ಮನಿರುತ್ತಾನೆ. ಪ್ರೇಟರ್ ದಾವೆದಾರನ ಕಡೆ ತೀರ್ಪು ಕೊಡುತ್ತಾನೆ. ಇಡೀ ಕಲಾಪ ಒಂದು ಸುಳ್ಳು ಮೊಕದ್ದಮೆ. ಧಣಿ ಬಿಡುಗಡೆಯನ್ನು ದಾನ ಮಾಡಿದಂತೆ ಅಲ್ಲಿ ತೋರಿಸುವುದೇ ಇಲ್ಲ. ಈತ ಮೊದಲಿಂದಲೂ ಸ್ವತಂತ್ರ, ತಪ್ಪಾಗಿ ಹಿಡಿದಿಟ್ಟುಕೊಂಡಿದ್ದರು ಎಂಬ ನಾಟಕ ನಡೆಯುತ್ತದೆ. ಇದರ ಮೇಲೆ ತೆರಿಗೆ ಬೇರೆ: ಗುಲಾಮನ ಬೆಲೆಯ ಶೇ. 5. ಕ್ರಿ.ಪೂ. 357ರ ಕಾನೂನು ಅದು.

ಉಯಿಲಿನ ಮೂಲಕವೂ ಬಿಡಬಹುದಿತ್ತು. ಎಡವಟ್ಟುಗಳೆಲ್ಲ ಆಗುತ್ತಿದ್ದದ್ದು ಅಲ್ಲೇ. ಸತ್ತ ಮೇಲೆ ಹೊರಡುವ ಔದಾರ್ಯಕ್ಕೆ ಕಡಿವಾಣ ಹಾಕಲು ಕ್ರಿ.ಪೂ. 2ರಲ್ಲಿ ಒಂದು ಕಾನೂನು ಬಂತು. 3ರಿಂದ 10 ಗುಲಾಮರಿದ್ದರೆ ಅರ್ಧದಷ್ಟು ಜನರನ್ನು, 30ರವರೆಗೆ ಇದ್ದರೆ ಮೂರನೇ ಒಂದು, 100ರವರೆಗೆ ಇದ್ದರೆ ನಾಲ್ಕನೇ ಒಂದು, 500ರವರೆಗೆ ಇದ್ದರೆ ಐದನೇ ಒಂದು ಪಾಲನ್ನು ಬಿಡಬಹುದು. ಎಷ್ಟೇ ಮಂದಿಯಿದ್ದರೂ 100 ದಾಟುವಂತಿಲ್ಲ. ಹೆಸರು ಹಿಡಿದೇ ಬರೆಯಬೇಕು. ಮಿತಿ ಮೀರಿದರೆ ಪಟ್ಟಿಯಲ್ಲಿ ಮೊದಲು ಇದ್ದವರಿಗಷ್ಟೇ ಬಿಡುಗಡೆ. ಇದನ್ನು ತಪ್ಪಿಸಲು ಜಾಣರು ಹೆಸರುಗಳನ್ನು ದುಂಡಗೆ, ಚಕ್ರದ ಹಾಗೆ ಬರೆದರು. ಮೊದಲು ಯಾರು, ಕೊನೆ ಯಾರು ತಿಳಿಯಬಾರದು ಅಂತ. ಗಾಯುಸ್ ಕೊಡುವ ಉತ್ತರ ನಿರ್ದಯವಾದದ್ದು: ಕ್ರಮ ಗೊತ್ತಾಗದಿದ್ದರೆ ಯಾರಿಗೂ ಬಿಡುಗಡೆಯಿಲ್ಲ. ಆ ಚಕ್ರದಲ್ಲಿ ಹೆಸರಿದ್ದವರ ಪಾಡು ಯೋಚಿಸಿ.

ಬಿಡುಗಡೆಯಾದವನು ತಲೆ ಬೋಳಿಸಿ 'ಪಿಲ್ಲೆಉಸ್' ಎಂಬ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತಿದ್ದ. ಅಂಚಿಲ್ಲದ, ಅರ್ಧ ಮೊಟ್ಟೆಯಂಥ ಟೋಪಿ. ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 43–42ರಲ್ಲಿ ಹೊರಡಿಸಿದ ನಾಣ್ಯದಲ್ಲಿ ಎರಡು ಕಠಾರಿಗಳ ನಡುವೆ ಕೂತಿರುವುದು ಇದೇ ಟೋಪಿ. ಅಂದರೆ ಅವನು ಹೇಳುತ್ತಿರುವುದು: ರೋಮನ್ನರೇ, ನೀವು ಗುಲಾಮರಾಗಿದ್ದಿರಿ, ನಾನು ಬಿಡಿಸಿದೆ. ನಾಣ್ಯ ತಿರುಗಿಸಿದರೆ ಬ್ರೂಟಸನದೇ ಮುಖ! ಬದುಕಿರುವಾಗಲೇ ನಾಣ್ಯದ ಮೇಲೆ ತನ್ನ ಮುಖ ಹಾಕಿಸಿಕೊಂಡದ್ದು ಸೀಸರನ ದೊಡ್ಡ ಸೊಕ್ಕು ಎನ್ನಿಸಿಕೊಂಡಿತ್ತು.

ಮುಂದೆ ಫ್ರೆಂಚ್ ಕ್ರಾಂತಿಯವರು ಈ ಟೋಪಿಯನ್ನು, ತುದಿ ಮುಂದಕ್ಕೆ ಬಾಗಿದ ಫ್ರಿಜಿಯನ್ ಟೋಪಿಯ ಜೊತೆ ಕಲಸಿಬಿಟ್ಟರು. ಎರಡೂ ಬೇರೆ. (1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ನೆಟ್ಟರೆನ್ನುವ ಸ್ವಾತಂತ್ರ್ಯ ವೃಕ್ಷದ ತುದಿಗೂ ಟೋಪಿ ಇತ್ತಂತೆ. ಆದರೆ ಆ ದಾಖಲೆ ಹೊರಬಂದದ್ದು ಟಿಪ್ಪುವಿನ ಶತ್ರುಗಳಾದ ಬ್ರಿಟಿಷರ ಕೈಯಿಂದ. ಎಷ್ಟು ನಂಬಬೇಕು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ.)

ಟೋಪಿಯ ಅರ್ಥ ಚೆನ್ನಾಗಿ ಗೊತ್ತಿದ್ದವನೆಂದರೆ ಅಮೆರಿಕದ ಜೆಫರ್ಸನ್ ಡೇವಿಸ್. ವಾಷಿಂಗ್ಟನ್‌ನ ಸಂಸತ್ ಭವನದ ಗುಮ್ಮಟದ ಮೇಲೆ ನಿಲ್ಲಿಸುವ ಸ್ವಾತಂತ್ರ್ಯ ದೇವಿಗೆ ಶಿಲ್ಪಿ ಥಾಮಸ್ ಕ್ರಾಫರ್ಡ್ ಈ ಟೋಪಿ ಹಾಕಿದ್ದ. ಕಟ್ಟಡದ ಉಸ್ತುವಾರಿ ಹೊತ್ತಿದ್ದ ಯುದ್ಧಮಂತ್ರಿ ಡೇವಿಸ್ ಒಪ್ಪಲಿಲ್ಲ: ಇದು ಬಿಡುಗಡೆಯಾದ ಗುಲಾಮನ ಗುರುತು, ನಾವು ಹುಟ್ಟಾ ಸ್ವತಂತ್ರರು, ನಮಗೇಕೆ? ಸ್ವತಃ ಹತ್ತಿತೋಟದಲ್ಲಿ ಗುಲಾಮರನ್ನಿಟ್ಟುಕೊಂಡಿದ್ದವನು ಅವನು. ಕ್ರಾಫರ್ಡ್ ಟೋಪಿ ತೆಗೆದು ಗರಿಯುಳ್ಳ ಶಿರಸ್ತ್ರಾಣ ಕೂರಿಸಿದ. ಆ ಮೂರ್ತಿಯನ್ನು ಕಂಚಿನಲ್ಲಿ ಎರಕ ಹೊಯ್ಯುವ ಕೆಲಸದಲ್ಲಿ ಫಿಲಿಪ್ ರೀಡ್ ಎಂಬ ಗುಲಾಮನಿದ್ದ. ಸರ್ಕಾರಿ ಲೆಕ್ಕದಲ್ಲಿ ಅವನ ಕೈಗೆ ಬಂದದ್ದು ಭಾನುವಾರಗಳ ಕೂಲಿ ಮಾತ್ರ: 33 ಭಾನುವಾರ, ದಿನಕ್ಕೆ 1.25 ಡಾಲರ್, ಒಟ್ಟು 41.25. ವಾರದ ಉಳಿದ ದಿನಗಳ ಕೂಲಿ ಧಣಿಗೆ. 1862ರ ಏಪ್ರಿಲ್‌ನಲ್ಲಿ ರೀಡ್ ಬಿಡುಗಡೆಯಾದ, 1863ರ ಡಿಸೆಂಬರ್ 2ರಂದು ಮೂರ್ತಿ ಗುಮ್ಮಟ ಏರಿತು.

ಟೀ ಶರ್ಟ್‌ಗಳ ಮೇಲೆ ಮೆರೆಯುವ 'ಸೀಕ್ ಸೆಂಪೆರ್ ತಿರನ್ನೀಸ್' ಬಗ್ಗೆ ಎರಡು ಮಾತು. ಇದನ್ನು ಬ್ರೂಟಸ್ ಕೂಗಿದ ಎನ್ನುವುದಕ್ಕೆ ಪ್ರಾಚೀನ ಆಧಾರವಿಲ್ಲ. ಇದು 1776ರ ವರ್ಜೀನಿಯಾ ರಾಜ್ಯದ ಮುದ್ರೆಯ ವಾಕ್ಯ. ಲಿಂಕನ್‌ನನ್ನು ಕೊಂದ ಬೂತ್ 1865ರಲ್ಲಿ ಕೂಗಿದ್ದರಿಂದ ಕುಖ್ಯಾತವಾಯಿತು. ಇಂಗ್ಲಿಷ್ ಮೀಮ್‌ಗಳು ಇದಕ್ಕೆ 'ಸಾವು' ಎಂಬ ಪದ ಸೇರಿಸುತ್ತವೆ. ಮೂಲದಲ್ಲಿ ಸಾವೂ ಇಲ್ಲ, ಕ್ರಿಯಾಪದವೂ ಇಲ್ಲ. ಚತುರ್ಥಿ ವಿಭಕ್ತಿಯಷ್ಟೇ. ಕನ್ನಡಕ್ಕೆ ಸಲೀಸಾಗಿ ಬರುತ್ತದೆ: 'ನಿರಂಕುಶರಿಗೆ ಎಂದಿಗೂ ಹೀಗೇ.' ಮುದ್ರೆಯಲ್ಲಿ ಕೆಳಗೆ ಬಿದ್ದ ನಿರಂಕುಶನ ಎಡಗೈಯಲ್ಲಿ ಕಡಿದ ಸರಪಳಿ, ಬಲಗೈಯಲ್ಲಿ ಚಾಟಿ. ಚಾಟಿ ಮತ್ತು ಸರಪಳಿ ಅಂದಿನ ವರ್ಜೀನಿಯಾದಲ್ಲಿ ನಿಜಕ್ಕೂ ಯಾರ ಕೈಯಲ್ಲಿದ್ದವು? 1790ರ ಜನಗಣತಿಯಲ್ಲಿ ಅಲ್ಲಿನ ಗುಲಾಮರ ಸಂಖ್ಯೆ 2,92,000ಕ್ಕೂ ಹೆಚ್ಚು. 1863ರಲ್ಲಿ ಅದೇ ರಾಜ್ಯದ ಗುಡ್ಡಗಾಡಿನ ಜಿಲ್ಲೆಗಳು ಸಿಡಿದು ಪಶ್ಚಿಮ ವರ್ಜೀನಿಯಾ ಆದಾಗ ಆರಿಸಿಕೊಂಡ ವಾಕ್ಯ 'ಮೊಂತಾನೀ ಸೆಂಪೆರ್ ಲೀಬೆರೀ': ಗುಡ್ಡದವರು ಎಂದೆಂದಿಗೂ ಸ್ವತಂತ್ರರು. ತಾಯಿ ರಾಜ್ಯದ 'ಸೆಂಪೆರ್' ಮಾತ್ರ ಹಾಗೇ ಉಳಿಯಿತು.

ಇಂಥ ಘೋಷವಾಕ್ಯಗಳನ್ನು ಮೊದಲು ಗೇಲಿ ಮಾಡಿದವರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಒಬ್ಬ. ಇಟಲಿಯ ಲುಕ್ಕಾ ಪಟ್ಟಣದ ಗೋಪುರಗಳ ಮೇಲೆ ದಪ್ಪಕ್ಷರದಲ್ಲಿ 'ಲೀಬೆರ್ತಾಸ್' ಅಂತ ಬರೆದಿದ್ದರೂ, ಅಲ್ಲಿನವನಿಗೆ ಸುಲ್ತಾನನ ಕಾನ್‌ಸ್ಟಾಂಟಿನೋಪಲ್‌ನವನಿಗಿಂತ ಹೆಚ್ಚು ಸ್ವಾತಂತ್ರ್ಯ ಇದೆ ಎನ್ನಲಾಗದು ಎಂದು 1651ರಲ್ಲಿ ಬರೆದ. ಎರಡೂ ಕಡೆ ಕಾನೂನಿದೆ. ಕಾನೂನು ಎಲ್ಲಿ ಸುಮ್ಮನಿದೆಯೋ ಅಲ್ಲಷ್ಟೇ ಸ್ವಾತಂತ್ರ್ಯ ಎಂಬುದು ಅವನ ಲೆಕ್ಕ. ಐದು ವರ್ಷದ ಬಳಿಕ ಅದೇ ನಾಡಿನ ಚಿಂತಕ ಜೇಮ್ಸ್ ಹ್ಯಾರಿಂಗ್ಟನ್ ಉತ್ತರ ಕೊಟ್ಟ. ಲುಕ್ಕಾದ ಬಡವನ ಜಮೀನಿಗೂ ಕಾನೂನಿನ ರಕ್ಷೆಯಿದೆ. ಕಾನ್‌ಸ್ಟಾಂಟಿನೋಪಲ್‌ನ ಅತಿ ದೊಡ್ಡ ಪಾಶಾ (ಸುಲ್ತಾನನ ಉನ್ನತಾಧಿಕಾರಿ) ಕೂಡ ತನ್ನ ಆಸ್ತಿಗಷ್ಟೇ ಅಲ್ಲ, ತನ್ನ ತಲೆಗೂ ಒಡೆಯನ ಮರ್ಜಿಯ ಗೇಣಿದಾರ.

ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲಗೇಣಿಯವನನ್ನು ಸುಮ್ಮಸುಮ್ಮನೆ ಎಬ್ಬಿಸುವಂತಿರಲಿಲ್ಲ, ಚಾಲಗೇಣಿಯವನನ್ನು ಧಣಿ ಬಿಡು ಅಂದರೆ ಬಿಡಬೇಕಿತ್ತು. ಪಾಶಾ ತನ್ನ ತಲೆಯನ್ನೇ ಚಾಲಗೇಣಿಗೆ ಹಿಡಿದವನು. ಧಣಿ ಒಳ್ಳೆಯವನಾಗಿರಬಹುದು, ಆಯುಷ್ಯವಿಡೀ ಬೆರಳೂ ಮುಟ್ಟಿಸದೆ ಇರಬಹುದು. ಆದರೂ ಬೆಳಗಾದರೆ ಅವನ ಮುಖ ನೋಡಿಯೇ ಮಾತಾಡಬೇಕಲ್ಲ? ಹ್ಯಾರಿಂಗ್ಟನ್ ಗೆದ್ದ ಅಂತಲೇ ನನ್ನ ಅಭಿಪ್ರಾಯ. ಆದರೆ ಹಾಬ್ಸ್‌ನ ಗುಮಾನಿಯನ್ನು ಪೂರ್ತಿ ತಳ್ಳಿಹಾಕಲೂ ಬರುವುದಿಲ್ಲ. ಜಿನೋವಾದಲ್ಲಿ ಸೆರೆಮನೆಯ ಬಾಗಿಲ ಮೇಲೆ, ಹಡಗಿಗೆ ಹುಟ್ಟು ಹಾಕುವ ಕೈದಿಗಳ ಬೇಡಿಯ ಮೇಲೆ ಕೂಡ ಇದೇ ಪದ ಇತ್ತೆಂದು ಚಿಂತಕ ರೂಸೋ ಬರೆದಿದ್ದಾನೆ. ಬರೆದದ್ದು ಮೆಚ್ಚಿಕೊಂಡೇ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ರೊಯೇಷಿಯಾದ ಡುಬ್ರೋವ್ನಿಕ್, ಹಳೆಯ ರಗೂಸಾ ಗಣರಾಜ್ಯ. ಊರ ಹೊರಗೆ 37 ಮೀಟರ್ ಎತ್ತರದ ಬಂಡೆಯ ಮೇಲೆ ಲೋವ್ರಿಯೆನಾತ್ಸ್ ಕೋಟೆ. ಬಾಗಿಲ ಮೇಲೆ ಬರೆದಿದೆ: 'ನೋನ್ ಬೆನೆ ಪ್ರೋ ತೋತೋ ಲೀಬೆರ್ತಾಸ್ ವೇಂದಿತುರ್ ಔರೋ.' ಲೋಕದ ಚಿನ್ನವನ್ನೆಲ್ಲ ಸುರಿದರೂ ಲೀಬೆರ್ತಾಸ್ ಮಾರುವುದು ತರವಲ್ಲ. ಸಾಲು ಮೂಲದಲ್ಲಿ ಮಧ್ಯಯುಗದ ಈಸೋಪನ ಕಥಾಸಂಗ್ರಹದ್ದು, ನಾಯಿ–ತೋಳದ ಕಥೆಯ ನೀತಿ. ಕೊಬ್ಬಿದ ನಾಯಿ ಬಡಕಲು ತೋಳವನ್ನು ಮನೆಗೆ ಕರೆಯುತ್ತದೆ; ತೋಳ ನಾಯಿಯ ಕೊರಳಲ್ಲಿ ಸರಪಳಿ ಸವೆದ ಗುರುತು ನೋಡಿ, ಅದೇನು ಎಂದು ಕೇಳುತ್ತದೆ. ಇದೇ ಕಥೆಯನ್ನು ಮುಂಚೆ ಲ್ಯಾಟಿನ್ ಪದ್ಯದಲ್ಲಿ ಹೇಳಿದ ಫೇದ್ರುಸ್ ಸ್ವತಃ ಬಿಡುಗಡೆ ಹೊಂದಿದ ಗುಲಾಮ.

ರಗೂಸಾದವರು ಲೀಬೆರ್ತಾಸ್ ಮಾರಲಿಲ್ಲ ನಿಜ, ವರ್ಷವರ್ಷ ಕೊಂಡರು: 15ನೇ ಶತಮಾನದ ಕೊನೆಯಿಂದ ಆಟೊಮನ್ ಸುಲ್ತಾನನಿಗೆ ವರ್ಷಕ್ಕೆ 12,500 ಡುಕಾಟ್ ಕಪ್ಪ. 1416ರಲ್ಲೇ ಗುಲಾಮರ ವ್ಯಾಪಾರಕ್ಕೆ ತಡೆ ಹಾಕಿದ ಊರು ಅದು, ಆದರೆ ಆಳ್ವಿಕೆ ಕೆಲವೇ ಶ್ರೀಮಂತ ಮನೆತನಗಳ ಗಂಡಸರದ್ದು. ಅವರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರಲಿಲ್ಲ. ಮುಖ್ಯಸ್ಥನ ಅವಧಿ ಒಂದೇ ತಿಂಗಳು. ಕೋಟೆಯ ಗೋಡೆ ಹೊರಗಿನ ಶತ್ರುವಿಗೆ ಎದುರಾಗುವ ಕಡೆ 12 ಮೀಟರ್‌ವರೆಗೆ ದಪ್ಪ. ಊರಿನ ಕಡೆಯದು ಬರೀ 60 ಸೆಂಟಿಮೀಟರ್. ಕೋಟೆಯ ಸ್ವಂತ ದಳಪತಿಯೇ ಒಂದು ದಿನ ಧಣಿಯಾಗಲು ಹೊರಟರೆ, ಊರಿನ ಫಿರಂಗಿಗೆ ಅದನ್ನು ಒಡೆಯಲು ಕಷ್ಟವಾಗಬಾರದು ಅಂತ.