ಮಾವನವರ ಟೇಪು, ಎರಡು ದೇಶದ ಊರು

ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರನ್ನು ಬಾರ್ಲೆಗೆ ಕರೆದುಕೊಂಡು ಹೋಗಬಾರದು. ಹೋಗಲೇಬೇಕು ಅಂದರೆ ಮನೆ ಬಿಡುವ ಮೊದಲು ಅವರ ಜೇಬು ತಡಕಿ ನೋಡಬೇಕು.

ಬಾರ್ಲೆ ಇರುವುದು ನೆದರ್ಲೆಂಡ್ಸ್‌ನ ದಕ್ಷಿಣಕ್ಕೆ, ಬೆಲ್ಜಿಯಂ ಗಡಿ ಹತ್ತಿರ. ಹತ್ತಿರ ಅನ್ನುವುದು ಬಾಯಿಮಾತಿಗೆ ಅಷ್ಟೆ, ಗಡಿ ಊರೊಳಗೇ ಇದೆ. ನೆದರ್ಲೆಂಡ್ಸ್ ನೆಲದಲ್ಲಿ ಬೆಲ್ಜಿಯಂನ 22 ತುಂಡುಗಳಿವೆ. ಆ ತುಂಡುಗಳ ಹೊಟ್ಟೆಯಲ್ಲಿ ಮತ್ತೆ ನೆದರ್ಲೆಂಡ್ಸ್‌ನ 7 ತುಂಡು. ಭೂಪಟ ನೋಡಿದರೆ ಯಾರೋ ಹುಳಿ ಚೆಲ್ಲಿ ಒರೆಸದೆ ಎದ್ದು ಹೋದ ಹಾಗಿದೆ. ಬೆಲ್ಜಿಯಂ ಪಾಲಿಗೆ ಬಾರ್ಲೆ-ಹೆರ್ಟೊಗ್ ಅಂತ ಹೆಸರು, ಇನ್ನೊಂದಕ್ಕೆ ಬಾರ್ಲೆ-ನಸೌ. ಊರು ಒಂದೇ, ಮೇಯರ್ ಇಬ್ಬರು, ಪುರಸಭೆ ಎರಡು.

ನನ್ನ ಮೈದುನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಕೂಡ ಆಗುವುದಿಲ್ಲ. "ಅಪ್ಪಂಗೆ ಇಷ್ಟ ಆಗತ್ತೆ ಅತ್ತಿಗೆ" ಅಂತ ಅವನೇ ಹೊರಡಿಸಿದ. ಇಷ್ಟ ಆಯಿತು. ಅದೇ ತೊಂದರೆ ಆಗಿದ್ದು.

ಅಲ್ಲಿ ಗಡಿ ಅಂದರೆ ತಂತಿ ಬೇಲಿ ಇಲ್ಲ, ಬಂದೂಕು ಹಿಡಿದವರಿಲ್ಲ. ಫುಟ್‌ಪಾತ್ ಮೇಲೆ ಬಿಳಿ ಬಣ್ಣದ ಅಧಿಕ ಚಿಹ್ನೆಗಳ ಸಾಲು. ಒಂದು ಪಕ್ಕ 'ಬಿ', ಇನ್ನೊಂದು ಪಕ್ಕ 'ಎನ್‌ಎಲ್'. ಆ ಸಾಲು ರಸ್ತೆ ದಾಟುತ್ತದೆ, ಹೋಟೆಲಿನ ಮೇಜುಗಳ ಕೆಳಗೆ ನುಸುಳುತ್ತದೆ, ಸೀದಾ ಯಾರದೋ ಮನೆ ಗೋಡೆಗೆ ಹೋಗಿ ಮಾಯವಾಗುತ್ತದೆ. ಮಾವ ಕಾರಿಳಿದು ಕನ್ನಡಕ ಒರೆಸಿಕೊಂಡರು. ಗೆರೆಯ ಜೊತೆಗೇ ನಡೆದರು. ಗೋಡೆ ಬಂದಾಗ ನಿಂತರು.

"ಬಾಂದು ಕಲ್ಲು ಎಲ್ಲಪ್ಪಾ?"

"ಇಲ್ಲೆಲ್ಲ ಈ ಗೆರೆನೇ ಅಪ್ಪ."

"ಅಳಿಸಿ ಹೋದ್ರೆ?"

"ಮತ್ತೆ ಬಳೀತಾರೆ."

"ಬಳಿಯೋನು ಒಂದು ಗೇಣು ಆ ಕಡೆ ಬಳಿದ್ರೆ?"

ಮೈದುನನ ಹತ್ತಿರ ಉತ್ತರ ಇರಲಿಲ್ಲ. ಒಂದು ಗೇಣಿಗೆ ಅಣ್ಣತಮ್ಮಂದಿರು ಮಚ್ಚು ಎತ್ತಿದ್ದನ್ನು ಸರ್ವಿಸ್ ಪೂರ್ತಿ ನೋಡಿದವರು ನಮ್ಮ ಮಾವ. ಇಲ್ಲಿ ಎರಡು ದೇಶದವರು ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿಯುವುದು ಅವರಿಗೆ ಅನುಮಾನದ ವಿಷಯವಾಗಿ ಕಂಡಿತು.

ಅವರನ್ನು ಸಮಾಧಾನ ಮಾಡಲು ಮೈದುನ ಚರಿತ್ರೆ ತೆಗೆದ. 1198ರಲ್ಲಿ ಬ್ರಬಾಂಟ್‌ನ ಡ್ಯೂಕ್ ಒಂದನೇ ಹೆನ್ರಿ, ಬ್ರೆಡಾದ ಒಡೆಯನಿಗೆ ಇಲ್ಲಿ ಭೂಮಿ ಬಿಟ್ಟುಕೊಟ್ಟನಂತೆ. ಆದರೆ ಒಕ್ಕಲಿದ್ದು ಕಂದಾಯ ಬರುತ್ತಿದ್ದ ತುಂಡುಗಳನ್ನು ತಾನೇ ಇಟ್ಟುಕೊಂಡ.

"ಖರಾಬು ಕೊಟ್ಟು ತರಿ ಇಟ್ಕೊಂಡಿದಾನೆ. ಜಾಣ" ಅಂದರು ಮಾವ.

ಆಮೇಲೆ ನೆದರ್ಲೆಂಡ್ಸ್, ಬೆಲ್ಜಿಯಂ ಬೇರೆಬೇರೆಯಾದವು. ಡ್ಯೂಕ್ ಇಟ್ಟುಕೊಂಡಿದ್ದು ಬೆಲ್ಜಿಯಂಗೆ, ಬ್ರೆಡಾದ ಪಾಲು ನೆದರ್ಲೆಂಡ್ಸ್‌ಗೆ. 1843ರಲ್ಲಿ ಗಡಿ ಗುರುತಿಸುತ್ತಾ ಬಂದವರು 214ನೇ ಕಂಬದವರೆಗೆ ಬಂದು ಕೈಚೆಲ್ಲಿದರು. 215ನೇ ಕಂಬದಿಂದ ಗಡಿ ಮತ್ತೆ ಶುರು. ನಡುವಿನದಕ್ಕೆ ಗೆರೆ ಎಳೆಯಲಾಗದೆ, 5,732 ಜಮೀನುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಇದು ಅವರದು, ಇದು ಇವರದು ಅಂತ ಬರೆದರು. ಇದನ್ನು ಕೇಳಿ ಮಾವನವರಿಗೆ ಮೊದಲ ಸಲ ಯುರೋಪಿನ ಮೇಲೆ ಗೌರವ ಬಂತು. ಅತಿ ಚಿಕ್ಕ ಬೆಲ್ಜಿಯಂ ತುಂಡು 25 ಗುಂಟೆ ಆಸುಪಾಸು ಅಂದಾಗ, "ಅದಕ್ಕೂ ಒಂದು ದೇಶ!" ಅಂತ ತಲೆದೂಗಿದರು.

ಇಷ್ಟರಲ್ಲಿ ಅತ್ತೆಯ ಫೋನ್ ಟಿಣ್ ಟಿಣ್ ಅನ್ನತೊಡಗಿತ್ತು. ನಾಲ್ಕು ಹೆಜ್ಜೆಗೊಂದು ಮೆಸೇಜ್. "ಊರಲ್ಲಿ ಯಾರಿಗೋ ಏನೋ ಆಗಿದೆ ಕಣೋ" ಅಂತ ಅತ್ತೆ ಬೆಂಚಿನ ಮೇಲೆ ಕೂತೇಬಿಟ್ಟರು. ತೆಗೆದು ನೋಡಿದರೆ ಬೆಲ್ಜಿಯಂಗೆ ಸ್ವಾಗತ. ನೆದರ್ಲೆಂಡ್ಸ್‌ಗೆ ಸ್ವಾಗತ. ಮತ್ತೆ ಬೆಲ್ಜಿಯಂಗೆ ಸ್ವಾಗತ. "ಇಷ್ಟು ಸಲ ನಮ್ಮ ಬೀಗರ ಮನೇಲೂ ಕರೆದಿಲ್ಲ" ಅಂತ ಅತ್ತೆ ಫೋನ್ ಆಫ್ ಮಾಡಿದರು. ನಮ್ಮ ಯಜಮಾನರು ಆ ಸ್ವಾಗತಗಳ ಫೋಟೋ ತೆಗೆಯಲು ಹಿಂದೆ ಹಿಂದೆ ಸರಿದು ಸೈಕಲ್ ಹಾದಿಗೆ ಇಳಿದು, ಯಾರೋ ಅಜ್ಜಿ ಕೈಲಿ ಗಂಟೆ ಹೊಡೆಸಿಕೊಂಡರು. ಯಾವ ದೇಶದ ಅಜ್ಜಿ ಅಂತ ಗೊತ್ತಾಗಲಿಲ್ಲ.

ಮನೆಗಳದ್ದಾದರೆ ಗೊತ್ತಾಗುತ್ತದೆ. ನಂಬರ್ ಫಲಕದಲ್ಲೇ ಪುಟ್ಟ ಬಾವುಟ ಇರುತ್ತದೆ. ಗಡಿ ಮನೆಯ ನಡುವೆಯೇ ಹಾದರೆ? ಅದಕ್ಕೆ ಬಾರ್ಲೆಯವರದ್ದು ಸುಲಭದ ಕಾನೂನು: ಮುಂಬಾಗಿಲು ಯಾವ ದೇಶಕ್ಕೋ ಮನೆ ಆ ದೇಶಕ್ಕೆ. ತೆರಿಗೆಯೂ ಅಲ್ಲಿಗೇ. 1995ರಲ್ಲಿ ಗಡಿಯನ್ನು ಕೊನೆಯ ಸಲ ಸರಿಯಾಗಿ ಅಳೆದಾಗ ಒಬ್ಬ ಅಜ್ಜಿಯ ಮನೆ ಬೇರೆ ದೇಶಕ್ಕೆ ಸೇರಿಹೋಯಿತಂತೆ. ಅಜ್ಜಿ ದೇಶ ಬಿಡಲು ಒಪ್ಪಲಿಲ್ಲ. ಮುಂಬಾಗಿಲನ್ನು ಪಕ್ಕಕ್ಕೆ ಸರಿಸಿಕೊಂಡರು, ಮುಗಿಯಿತು. ಇನ್ನೊಂದು ಮನೆಯ ಬಾಗಿಲ ನಡುವೆಯೇ ಗಡಿ ಹೋಗುತ್ತದೆ. ಅದಕ್ಕೆ ಎರಡು ನಂಬರ್, ಎರಡು ಬೆಲ್.

ಬಾಗಿಲ ಮಾತು ಕಿವಿಗೆ ಬಿದ್ದದ್ದೇ ಮಾವ ಜೇಬಿನಿಂದ ಟೇಪು ತೆಗೆದರು. ಕೈಗಡಿಯಾರ ಮರೆತು ಬಂದಿದ್ದರು, ಟೇಪು ಮರೆತಿರಲಿಲ್ಲ. ಗೆರೆ ಪಕ್ಕದ ಒಂದು ಮನೆಯ ಮುಂದೆ ಯಜಮಾನರ ಕೈಗೆ ತುದಿ ಕೊಟ್ಟು, "ಬಿಗಿಯಾಗಿ ಹಿಡ್ಕೋ, ಜೋಲು ಬೀಳಬಾರದು" ಅಂತ ಎಳೆದೇಬಿಟ್ಟರು. ಟ್ರೇ ಹಿಡಿದು ಬರುತ್ತಿದ್ದ ಹೋಟೆಲ್ ಹುಡುಗ ಟೇಪಿನ ಈಚೆ ನಿಂತ. ಅವನ ಹಿಂದೆ ನಾಯಿ ಹಿಡಿದ ಹೆಂಗಸು ನಿಂತಳು. ಬಾಗಿಲು ತೆರೆದು, ಮಾವನ ವಯಸ್ಸಿನವರೇ ಒಬ್ಬರು ಹೊರಗೆ ಬಂದರು. ಟೇಪು ನೋಡಿದರು. ಗೆರೆ ನೋಡಿದರು. ಅಂಗಿ ತೋಳು ಮಡಿಸಿಕೊಂಡು ಡಚ್ಚಿನಲ್ಲಿ ಏನೋ ಕೇಳಿದರು. ಮೈದುನನ ಮುಖ ಕೆಂಪಾಯಿತು.

"ಏನಂತೋ?"

"ಗಡಿ ಮತ್ತೆ ಸರಿಸ್ತಿದೀರಾ ಅಂತ ಕೇಳ್ತಿದಾರೆ ಅಪ್ಪ. ಸರಿಸೋದಾದ್ರೆ ಈ ಸಲ ತೆರಿಗೆ ಕಮ್ಮಿ ಇರೋ ಕಡೆಗೆ ಹಾಕಿ ಅಂತಿದಾರೆ."

ಮಾವ ಒಂದು ಕ್ಷಣವೂ ತಡೆಯಲಿಲ್ಲ. "ಹದ್ದುಬಸ್ತಿಗೆ ಅರ್ಜಿ ಕೊಟ್ಟಿದಾರಾ ಕೇಳು. ಅಕ್ಕಪಕ್ಕದೋರಿಗೆ ನೋಟಿಸ್ ಹೋಗಿರಬೇಕು."

ಆ ಹಿರಿಯರು ಮಾವನವರ ಬೆನ್ನು ತಟ್ಟಿ ಪಕ್ಕದ ಹೋಟೆಲಿಗೆ ಕರೆದರು. ಅವರು ಮೇಜಿನ ಬೆಲ್ಜಿಯಂ ಕಡೆ ಕೂತರು, ಮಾವ ನೆದರ್ಲೆಂಡ್ಸ್ ಕಡೆ. ಅಲ್ಲಿನ ಲಾಭ ನಷ್ಟ ಅವರಿಂದಲೇ ಕೇಳಬೇಕು. ಬಿಯರ್ ಕುಡಿಯಲು ಬೆಲ್ಜಿಯಂನಲ್ಲಿ 16 ವರ್ಷ ಸಾಕು, ನೆದರ್ಲೆಂಡ್ಸ್‌ನಲ್ಲಿ 18 ಆಗಬೇಕು. ಹುಡುಗರು ಕುರ್ಚಿ ಎಲ್ಲಿ ಹಾಕಿಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಬೆಲ್ಜಿಯಂ ಅಂಗಡಿ ಮುಚ್ಚಿಸಿತು, ನೆದರ್ಲೆಂಡ್ಸ್ ಮುಚ್ಚಿಸಲಿಲ್ಲ. ಗಡಿ ಮೇಲಿದ್ದ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧ ಭಾಗಕ್ಕೆ ಟೇಪು ಕಟ್ಟಿ, ಉಳಿದರ್ಧದಲ್ಲಿ ವ್ಯಾಪಾರ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಬೆಲ್ಜಿಯಂ ಹಿಡಿದಾಗಲೂ ಈ ತುಂಡುಗಳಿಗೆ ಕಾಲಿಡಲಾಗಲಿಲ್ಲ. ಸುತ್ತ ಇದ್ದದ್ದು ಯುದ್ಧಕ್ಕೆ ಸೇರದ ನೆದರ್ಲೆಂಡ್ಸ್.

ಎಲ್ಲ ಕೇಳಿದ ಮೇಲೂ ಮಾವನವರಿಗೆ ಒಂದು ಕೊರಗು ಉಳಿದಿತ್ತು. "ಇಷ್ಟು ಗಡಿ ಇಟ್ಕೊಂಡು ಒಂದೂ ಕೇಸಿಲ್ವಾ?" ಅಂತ ದಾರಿಯುದ್ದಕ್ಕೂ ಕೇಳಿದರು. ರಾತ್ರಿ ಊಟದ ಹೊತ್ತಿಗೆ ಮೈದುನ ಹುಡುಕಿ ತೆಗೆದ. ಕೇಸು ಇತ್ತು! ಅದೂ ಇದೇ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ. 1841ರ ಪಟ್ಟಿಯಲ್ಲಿ 78ರಿಂದ 111ರವರೆಗಿನ ನಂಬರಿನ ಜಮೀನೆಲ್ಲ ಬಾರ್ಲೆ-ನಸೌಗೆ ಅಂತಿದೆ. 1843ರ ದಾಖಲೆಯಲ್ಲಿ ಅದರೊಳಗಿನ 91 ಮತ್ತು 92 ಬೆಲ್ಜಿಯಂಗೆ ಹೋಗಿವೆ. ಬರೆದುಕೊಳ್ಳುವಾಗ ತಪ್ಪಾಗಿದೆ ಅಂತ ನೆದರ್ಲೆಂಡ್ಸ್ ವಾದ. 1959ರಲ್ಲಿ ತೀರ್ಪು ಬಂತು, ಬೆಲ್ಜಿಯಂ ಪರ 10 ಮತ, ವಿರುದ್ಧ 4. ನೆದರ್ಲೆಂಡ್ಸ್ ತನ್ನ ನೆಲದಲ್ಲೇ ಸೋತಿತು.

ಮಾವ ಕೈಯಲ್ಲಿದ್ದ ಚಪಾತಿ ತಟ್ಟೆಗೆ ಹಾಕಿದರು. ಮುಖ ಹಬ್ಬ. "ನಕಲು ತೆಗೆದೋನ ಕೆಲಸ! ಎಲ್ಲಾ ಕಡೆ ಒಂದೇ ಜಾತಿ ಕಣಯ್ಯಾ ಇವರು. ಹೇಗ್ ಇಲ್ಲಿಂದ ಎಷ್ಟು ದೂರ?"

"ನಾಳೆ ಟುಲಿಪ್ ತೋಟ ಅಂತ ಅಲ್ವಾ?" ಅಂದರು ಅತ್ತೆ.

"ಹೂವು ಎಲ್ಲಿಗೂ ಹೋಗಲ್ಲ ಕಣೇ."

ಮೈದುನ ಟುಲಿಪ್ ತೋಟದ ಟಿಕೆಟ್‌ ನೋಡಿದ. ವಾಪಸ್ ತಗೊಳಲ್ಲ ಅಂತ ದಪ್ಪಕ್ಷರದಲ್ಲೇ ಬರೆದಿತ್ತು. ಬೆಳಗ್ಗೆ ಏಳಕ್ಕೆಲ್ಲ ಮಾವ ಶೂ ಹಾಕಿಕೊಂಡು ಹೇಗ್‌ಗೆ ತಯಾರಾಗಿ ಬಾಗಿಲಲ್ಲಿ ನಿಂತಿದ್ದರು. ಈ ಸಲ ಅತ್ತೆಯೇ ಅವರ ಜೇಬು ತಡಕಿ, ಟೇಪು ಕಿತ್ತುಕೊಂಡು ಫ್ರಿಜ್ಜಿನ ಮೇಲಿಟ್ಟರು.